ಹಳೇ ಕಾರಿನ ಹೀಟರ್ ಬಿಸಿಯಾಗ್ತಿಲ್ಲವೇ? ದೋಷ ಹಿಡಿಯುವ, ಸರಿಪಡಿಸುವ ಪೂರ್ತಿ ಕ್ರಮ

‘ಹುಬ್ಬಳ್ಳ್ಯಾಗ ಹೀಟರ್ ಯಾರಿಗೆ ಬೇಕ್ರೀ?’ ಎನ್ನುವವರು ಜುಲೈ ತಿಂಗಳಲ್ಲಿ ಒಮ್ಮೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ನೋಡಬೇಕು. ಒಳಗೆ ನಾಲ್ಕು ಜನರ ಉಸಿರು, ಹೊರಗೆ ಬಿಡದ ಮಳೆ, ಮುಂದಿನ ಗಾಜು ಹಾಲು ಬಳಿದಂತೆ ಬೆಳ್ಳಗೆ. ಎಸಿ ಇಲ್ಲದ ಅಥವಾ ಎಸಿ ಸತ್ತ ಹಳೇ ಗಾಡಿಯಲ್ಲಿ ಆ ಗಾಜನ್ನು ತಿಳಿ ಮಾಡುವುದು ಹೀಟರ್ ಒಂದೇ. ಧಾರವಾಡದ ಡಿಸೆಂಬರ್ ಬೆಳಗಿನ ಚಳಿ ಏನಿದ್ದರೂ ಎರಡನೇ ಮಾತು; ಅದಕ್ಕೆ ಸ್ವೆಟರ್ ಸಾಕು. ಗಾಜಿಗೆ ಸ್ವೆಟರ್ ಹಾಕಲು ಬರುವುದಿಲ್ಲ.

ಇನ್ನೊಂದು ಕಾರಣಕ್ಕೂ ತಣ್ಣನೆಯ ಹೀಟರನ್ನು ಹಾಗೇ ಬಿಡಬಾರದು. ಹೀಟರ್ ಬೇರೆ ಯಂತ್ರವಲ್ಲ, ಎಂಜಿನ್ ತಂಪು ಮಾಡುವ ವ್ಯವಸ್ಥೆಯದೇ ಒಂದು ಕವಲು. ಎಂಜಿನ್ ಒಳಗೆ ಕಾದ ನೀರು ಒಂದು ಹೋಸ್ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ, ಅಂದರೆ ಹೀಟರ್ ಕೋರಿಗೆ ಬರುತ್ತದೆ. ಇನ್ನೊಂದು ಹೋಸಿನಲ್ಲಿ ವಾಟರ್ ಪಂಪಿಗೆ ಮರಳುತ್ತದೆ. ಕೋರಿನ ಮೇಲೆ ಬ್ಲೋವರ್ ಗಾಳಿ ಹಾಯಿಸುತ್ತದೆ. ಇಷ್ಟೇ. ಹಾಗಾಗಿ ನಮ್ಮ ಭಾಗದ ಹಳೇ ಗಾಡಿಗಳಲ್ಲಿ ಹೀಟರ್ ಬರದಿದ್ದರೆ ಹತ್ತರಲ್ಲಿ ಏಳೆಂಟು ಸಲ ತಪ್ಪು ಹೀಟರಿನದಲ್ಲ. ಹಿಂದೆಂದೋ ಗಾಡಿ ಗರಂ ಆದಾಗ ಯಾರೋ ಮಾಡಿದ ಜುಗಾಡಿನದು: ಥರ್ಮೋಸ್ಟ್ಯಾಟ್ (ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ತೆಗೆದು ಒಗೆದಿರುತ್ತಾರೆ, ರೇಡಿಯೇಟರ್ ಫ್ಯಾನನ್ನು ಸದಾ ತಿರುಗುವಂತೆ ‘ಡೈರೆಕ್ಟ್’ ಮಾಡಿರುತ್ತಾರೆ, ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಸುರಿದಿರುತ್ತಾರೆ, ಕೂಲಂಟ್ ಬದಲು ಬೋರಿನ ನೀರು ತುಂಬಿರುತ್ತಾರೆ. ಅದನ್ನು ಹುಡುಕಿ ಸರಿಪಡಿಸುವುದೇ ಇಲ್ಲಿನ ಕೆಲಸ.

ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಹಳೇ ಗಾಡಿಗಳ ಕೆಲವು ಕಡಿಮೆ ಬೆಲೆಯ ಮಾದರಿಗಳಿಗೆ ಹೀಟರ್ ಕೋರೇ ಇರುತ್ತಿರಲಿಲ್ಲ, ಬರೀ ಬ್ಲೋವರ್ ಇರುತ್ತಿತ್ತು. ಬಾನೆಟ್ ಎತ್ತಿ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ ನೋಡಿ. ಹೆಬ್ಬೆರಳು ಗಾತ್ರದ, ಅಕ್ಕಪಕ್ಕದ ಎರಡು ಕೊಳವೆಗಳು ಅಲ್ಲಿಂದ ಹೊರಬಂದಿರಬೇಕು. ಕೊಳವೆಗಳಿದ್ದು ಅವುಗಳಿಗೆ ಹೋಸ್ ಇಲ್ಲದೆ, ಎಂಜಿನ್ ಕಡೆಯ ಎರಡು ಬಾಯಿಗಳನ್ನು ಒಂದೇ ಹೋಸಿನಿಂದ ಸೇರಿಸಿದ್ದರೆ ಹೀಟರನ್ನು ಬೈಪಾಸ್ ಮಾಡಿದ್ದಾರೆ ಎಂದರ್ಥ. ಕೋರ್ ಸೋರಿದಾಗ ಮಾಡುವ ಶಾರ್ಟ್‌ಕಟ್ ಅದು. ಅಂಥ ಗಾಡಿಯಲ್ಲಿ ಮುಂದಿನದನ್ನೆಲ್ಲ ಬಿಟ್ಟು ನೇರವಾಗಿ ‘ಕೋರ್ ಸೋರುತ್ತಿದ್ದರೆ’ ಎಂಬ ಭಾಗಕ್ಕೆ ಬನ್ನಿ.

ಪಾನಾ ಹಿಡಿಯುವ ಮುಂಚೆ

ಎಂಜಿನ್ ರಾತ್ರಿಯಿಡೀ ನಿಂತು ತಣ್ಣಗಾಗಿರಲಿ. ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ತಿರುಗಿಸಬೇಡಿ, ಮೇಲೆ ದಪ್ಪ ಅರಿವೆ ಹಾಕಿಕೊಂಡೂ ಬೇಡ; ಒಳಗೆ ಒತ್ತಡದಲ್ಲಿರುವ ನೀರು ಮುಖಕ್ಕೆ ಸಿಡಿಯುತ್ತದೆ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಮೇಲಾಗಿ ಸಿಹಿ. ನಾಯಿ, ಬೆಕ್ಕು, ದನ ನೆಕ್ಕಿದರೆ ಉಳಿಯುವುದು ಕಷ್ಟ. ತೆಗೆದದ್ದನ್ನು ಅಗಲವಾದ ಬುಟ್ಟಿಯಲ್ಲಿ ಹಿಡಿದು ಮುಚ್ಚಳವಿರುವ ಕ್ಯಾನಿಗೆ ತುಂಬಿಡಿ, ಗಟಾರಕ್ಕೆ ಚೆಲ್ಲಬೇಡಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ: 8, 10, 12ರ ಪಾನಾಗಳು, ಸ್ಕ್ರೂಡ್ರೈವರ್, ಪಕ್ಕಡ, 10 ಲೀಟರ್ ಬಕೆಟ್, ಎರಡು ಮೀಟರ್ ಹೋಸ್, ಅಡುಗೆಗೆ ಬಳಸುವ ಕಡ್ಡಿ ಥರ್ಮಾಮೀಟರ್. ದೂರದಿಂದಲೇ ಶಾಖ ಅಳೆಯುವ ಇನ್ಫ್ರಾರೆಡ್ ಗನ್ ಇದ್ದರೆ ಕೆಲಸ ಅರ್ಧ ಹಗುರ. ಆದರೆ ಅದು ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಒಂದು ತುಂಡು ಕರಿ ಇನ್ಸುಲೇಷನ್ ಟೇಪ್ ಅಂಟಿಸಿ, ಟೇಪಿನ ಮೇಲೆ ಗುರಿ ಇಡಿ.

ನೀರಿನ ಮಟ್ಟ: ಪ್ಲಾಸ್ಟಿಕ್ ಡಬ್ಬಿಯನ್ನು ನಂಬಬೇಡಿ

ತಣ್ಣಗಿರುವಾಗ ರೇಡಿಯೇಟರ್ ಕ್ಯಾಪನ್ನೇ ತೆಗೆದು ನೋಡಿ. ಪಕ್ಕದ ರಿಸರ್ವ್ ಡಬ್ಬಿ ಗೆರೆಯವರೆಗೆ ತುಂಬಿದ್ದರೂ ರೇಡಿಯೇಟರ್ ಒಳಗೆ ಒಂದು ಲೀಟರ್ ಖಾಲಿ ಇರಬಹುದು. ಎಂಜಿನ್ ತಣ್ಣಗಾಗುವಾಗ ಡಬ್ಬಿಯ ನೀರನ್ನು ಒಳಗೆ ಎಳೆದುಕೊಳ್ಳಲು ಕ್ಯಾಪಿನ ನಡುವೆ ಒಂದು ಚಿಕ್ಕ ವಾಲ್ವ್ ಇದೆ. ಅದು ಅಂಟಿಕೊಂಡರೆ ಅಥವಾ ಡಬ್ಬಿಗೆ ಹೋಗುವ ಸಣ್ಣ ಪೈಪ್ ಸೀಳಿದ್ದರೆ ನೀರಿನ ಬದಲು ಗಾಳಿ ಒಳಸೇರುತ್ತದೆ. ಹೀಟರ್ ಕೋರ್ ಅನೇಕ ಗಾಡಿಗಳಲ್ಲಿ ಎತ್ತರದಲ್ಲಿರುವುದರಿಂದ ಗಾಳಿ ಹೋಗಿ ಅಲ್ಲೇ ಕೂರುತ್ತದೆ. ಗುರುತು ಸುಲಭ: ಸ್ಟಾರ್ಟ್ ಮಾಡಿದೊಡನೆ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು, ರೇಸ್ ಕೊಟ್ಟರೆ ಬಿಸಿಗಾಳಿ, ಸಿಗ್ನಲ್ಲಿನಲ್ಲಿ ನಿಂತರೆ ತಣ್ಣಗೆ.

ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಕ್ಯಾಪಿನ ಮೇಲೆ 0.9 ಅಥವಾ 1.1 ಎಂದು ಒತ್ತಡ ಬರೆದಿರುತ್ತದೆ. ಅದೇ ಅಂಕಿಯದು ಬೇಕು. ‘ಸ್ವಲ್ಪ ಜಾಸ್ತಿ ಇದ್ರ ಛಲೋ’ ಎಂದು ಹೆಚ್ಚಿನದು ಹಾಕಿದರೆ ಹಳೇ ಕೋರ್ ಸೋರಲು ದಾರಿ ಮಾಡಿಕೊಟ್ಟಂತೆ.

ಮಟ್ಟ ಕಡಿಮೆ ಇದ್ದರೆ ತುಂಬಿ, ಗಾಳಿ ತೆಗೆದು (ಕ್ರಮ ಕೊನೆಯಲ್ಲಿದೆ) ಮತ್ತೆ ನೋಡಿ. ಎಷ್ಟೋ ಗಾಡಿಗಳ ಕೆಲಸ ಇಲ್ಲಿಗೇ ಮುಗಿಯುತ್ತದೆ. ಆದರೆ ನೀರು ಹೋದದ್ದೆಲ್ಲಿ ಎಂಬುದು ಉಳಿಯುತ್ತದೆ.

ಎರಡು ಹೋಸ್ ಮುಟ್ಟಿ ನೋಡುವ ಪರೀಕ್ಷೆ

ಗಾಡಿಯನ್ನು ಹದಿನೈದು ನಿಮಿಷ ಓಡಿಸಿ ಬನ್ನಿ. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಪೂರ್ತಿ ವೇಗಕ್ಕೆ ಇಟ್ಟು, ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಗೋಡೆಯೊಳಗೆ ಹೋಗುವ ಆ ಎರಡು ಹೋಸುಗಳನ್ನು ಅಳೆಯಿರಿ. ಗನ್ ಇಲ್ಲದಿದ್ದರೆ ಬೆರಳ ಹಿಂಬದಿಯಿಂದ ಒಂದು ಕ್ಷಣ ಮುಟ್ಟಿ ತೆಗೆಯಿರಿ. ಕೈ, ತೋಳು, ಓಢಣಿ ಫ್ಯಾನಿನಿಂದ ದೂರ ಇರಲಿ. ಅದು ಹೇಳದೆ ಕೇಳದೆ ಶುರುವಾಗುತ್ತದೆ.

ಎರಡೂ ಮುಟ್ಟಲಾಗದಷ್ಟು ಬಿಸಿ, ನಡುವಿನ ವ್ಯತ್ಯಾಸ 10–15 ಡಿಗ್ರಿ: ನೀರು ಸರಿಯಾಗಿ ಹರಿಯುತ್ತಿದೆ. ದೋಷ ಗಾಳಿಯ ಕಡೆ, ಅಂದರೆ ಫ್ಲ್ಯಾಪ್ (ಬಿಸಿ-ತಣ್ಣನೆಯ ಗಾಳಿಯ ದಾರಿ ಬದಲಿಸುವ ಪುಟ್ಟ ಬಾಗಿಲು), ಅದರ ಕೇಬಲ್ ಅಥವಾ ಬ್ಲೋವರಿನಲ್ಲಿದೆ. ಒಂದು ಸುಡುತ್ತಿದೆ, ಇನ್ನೊಂದು ಉಗುರುಬೆಚ್ಚಗಿದೆ: ಕೋರ್ ಕಟ್ಟಿದೆ ಅಥವಾ ಹೀಟರ್ ವಾಲ್ವ್ ತೆರೆದಿಲ್ಲ. ಎರಡೂ ಉಗುರುಬೆಚ್ಚಗೆ: ಎಂಜಿನ್ನೇ ಕಾಯುತ್ತಿಲ್ಲ, ಇಲ್ಲವೇ ನೀರು ಈ ಕಡೆ ಬರುತ್ತಲೇ ಇಲ್ಲ. ಥರ್ಮೋಸ್ಟ್ಯಾಟ್, ಗಾಳಿ, ಪಂಪು, ಈ ಕ್ರಮದಲ್ಲಿ ಸಂಶಯ ಪಡಿ.

ಥರ್ಮೋಸ್ಟ್ಯಾಟ್

ನಮ್ಮ ಊರುಗಳಲ್ಲಿ ಹೆಚ್ಚು ಅನ್ಯಾಯಕ್ಕೊಳಗಾದ ಪಾರ್ಟ್ ಇದು. ‘ಇದೇನೂ ಬ್ಯಾಡ್ರಿ ಸರ, ತಗದ್ ಒಗೀತೀನಿ, ಗಾಡಿ ತಂಪ್ ಇರ್ತದ’ ಎಂಬ ಮಾತು ಗೋಕುಲ ರಸ್ತೆಯಿಂದ ಗದಗಿನವರೆಗೆ ಎಲ್ಲಿ ಬೇಕಾದರೂ ಕೇಳಿಸೀತು. ತಂಪೇನೋ ಇರುತ್ತದೆ, ಅದೇ ತೊಂದರೆ. ಎಂಜಿನ್ 85–95 ಡಿಗ್ರಿಯಲ್ಲಿ ಕೆಲಸ ಮಾಡಲೆಂದು ತಯಾರಾದದ್ದು. ಥರ್ಮೋಸ್ಟ್ಯಾಟ್ ಇಲ್ಲದ ಗಾಡಿ ಚಳಿಗಾಲದ ರಾತ್ರಿ ಹೈವೇಯಲ್ಲಿ ಓಡುವಾಗ ಆ ಮಟ್ಟ ಮುಟ್ಟುವುದೇ ಇಲ್ಲ. ಹೀಟರ್ ಹೋಗಲಿ, ಇಂಜೆಕ್ಷನ್ ಗಾಡಿಯಾದರೆ ಕಂಪ್ಯೂಟರ್ ‘ಇನ್ನೂ ತಣ್ಣಗಿದೆ’ ಎಂದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಆಯಿಲ್ ಒಳಗಿನ ತೇವ ಆರದೆ ಕೆಸರಾಗುತ್ತದೆ. ಇನ್ನೂ ಒಂದು ಮಾತು: ಕೆಲವು ಎಂಜಿನುಗಳ ಥರ್ಮೋಸ್ಟ್ಯಾಟಿಗೆ ಕೆಳಗೊಂದು ಎರಡನೇ ತಟ್ಟೆ ಇರುತ್ತದೆ, ಬೈಪಾಸ್ ದಾರಿ ಮುಚ್ಚಲು. ಅದನ್ನು ತೆಗೆದರೆ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿ ಹಿಡಿದು, ಬೇಸಿಗೆಯಲ್ಲಿ ಗಾಡಿ ಇನ್ನಷ್ಟು ಗರಂ ಆಗುತ್ತದೆ. ತಂಪಾಗಲೆಂದು ತೆಗೆದದ್ದೇ ಕಾಯಿಸುತ್ತದೆ.

ಇದೆಯೋ ಇಲ್ಲವೋ ತಿಳಿಯಲು ಏನನ್ನೂ ಬಿಚ್ಚಬೇಕಿಲ್ಲ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ದಪ್ಪ ಹೋಸಿನ ಮೇಲೆ ಆಗಾಗ ಕೈ ಇಡಿ. ಥರ್ಮೋಸ್ಟ್ಯಾಟ್ ಸರಿಯಿದ್ದರೆ ಆ ಹೋಸ್ ಹಲವು ನಿಮಿಷ ತಣ್ಣಗೇ ಇದ್ದು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಶಾಖ ತೋರಿಸುವ ಮುಳ್ಳು ಮೇಲೆ ಬಂದ ಹೊತ್ತಿಗೆ ಥಟ್ಟನೆ ಬಿಸಿಯಾಗುತ್ತದೆ. ಮೊದಲ ಎರಡು ನಿಮಿಷದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ಥರ್ಮೋಸ್ಟ್ಯಾಟ್ ತೆರೆದೇ ಕೂತಿದೆ ಅಥವಾ ಇಲ್ಲವೇ ಇಲ್ಲ. ಥರ್ಮೋಸ್ಟ್ಯಾಟ್ ಕೆಳಗಿನ ಹೋಸಿನ ಬದಿಯಲ್ಲಿರುವ ಎಂಜಿನುಗಳೂ ಇವೆ. ಅಲ್ಲಿ ಥಟ್ಟನೆ ಬಿಸಿಯಾಗಬೇಕಾದದ್ದು ಕೆಳಗಿನ ಹೋಸ್.

ಬದಲಿಸುವುದು ಅರ್ಧ ಗಂಟೆಯ ಕೆಲಸ. ರೇಡಿಯೇಟರಿನಿಂದ ಎರಡು ಲೀಟರಿನಷ್ಟು ಕೂಲಂಟ್ ಇಳಿಸಿ. ಹೋಸ್ ಎಂಜಿನ್ ಸೇರುವಲ್ಲಿ ಎರಡೋ ಮೂರೋ ಬೋಲ್ಟಿನ ಅಲ್ಯೂಮಿನಿಯಂ ಮುಚ್ಚಳವಿದೆ, ಅದರೊಳಗೆ ಥರ್ಮೋಸ್ಟ್ಯಾಟ್ ಕೂತಿರುತ್ತದೆ. ಬೋಲ್ಟ್ ಜಂಗು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಎಣ್ಣೆ ಬಿಟ್ಟಿಡಿ. ಮೊಂಡು ಮಾಡಿ ತಿರುಗಿಸಿದರೆ 6 ಮಿ.ಮೀ. ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಆಮೇಲೆ ಅರ್ಧ ಗಂಟೆಯದು ಅರ್ಧ ದಿನವಾಗುತ್ತದೆ.

ಹೊಸ ಥರ್ಮೋಸ್ಟ್ಯಾಟನ್ನು ಹಾಕುವ ಮೊದಲು ಪರೀಕ್ಷಿಸಿ. ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟ್ಯಾಟನ್ನು ತಂತಿಯಿಂದ ತಳಕ್ಕೆ ತಾಗದಂತೆ ಇಳಿಬಿಡಿ. ವಾಲ್ವಿನ ಸಂದಿಗೆ ಒಂದು ದಾರ ಸಿಕ್ಕಿಸಿ, ದಾರದಿಂದಲೇ ತೂಗುಹಾಕಿದರೆ ಇನ್ನೂ ಸಲೀಸು: ತೆರೆದ ಕ್ಷಣ ದಾರ ಬಿಟ್ಟು ಕೆಳಗೆ ಬೀಳುತ್ತದೆ. ಆಗ ಥರ್ಮಾಮೀಟರ್ ನೋಡಿ. ತಟ್ಟೆಯ ಮೇಲೆ ಒತ್ತಿದ ಅಂಕಿಗೆ, ಅದು 82 ಇರಲಿ 88 ಇರಲಿ, ಎರಡು ಮೂರು ಡಿಗ್ರಿ ಆಚೀಚೆ ತೆರೆದರೆ ಸರಿ. ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ 88ರ ಥರ್ಮೋಸ್ಟ್ಯಾಟ್ ಪಾತ್ರೆಯಲ್ಲಿ ಪೂರ್ತಿ ತೆರೆಯದಿದ್ದರೆ ಅದು ಕೆಟ್ಟಿದೆ ಎಂದು ಅಂಗಡಿಗೆ ಮರಳಿಸಬೇಡಿ.

ಕೂರಿಸುವಾಗ ತಟ್ಟೆಯಲ್ಲಿರುವ ಪುಟ್ಟ ಅಲುಗಾಡುವ ಪಿನ್ ಮೇಲ್ಮುಖವಾಗಿರಲಿ. ತುಂಬುವಾಗ ಗಾಳಿ ಹೊರಹೋಗುವ ಕಿಂಡಿ ಅದು. ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗೆ. ಹಳೇ ಗ್ಯಾಸ್ಕೆಟ್ಟನ್ನು ಬ್ಲೇಡಿನಿಂದ ಪೂರ್ತಿ ಕೆರೆದು ಹೊಸದು ಹಾಕಿ. ಸಿಲಿಕಾನ್ ಪೇಸ್ಟ್ ಬಳಸಲೇಬೇಕೆಂದರೆ ತೆಳ್ಳಗೆ, ಎಳೆಯಷ್ಟೇ. ಧಾರಾಳವಾಗಿ ಬಳಿದದ್ದು ಒಳಗೆ ಉದುರಿ, ಹೀಟರ್ ಕೋರಿನ ಸಣ್ಣ ನಾಳಗಳಲ್ಲಿ ಸಿಕ್ಕಿಬೀಳುತ್ತದೆ. 6 ಮಿ.ಮೀ. ಬೋಲ್ಟುಗಳಿಗೆ 10 ನ್ಯೂಟನ್-ಮೀಟರ್ ಬಿಗಿ ಸಾಕು. ಚಿಕ್ಕ ಪಾನಾದಲ್ಲಿ ಮಣಿಕಟ್ಟಿನ ಬಲ ಅಂದುಕೊಳ್ಳಿ.

ಫ್ಯಾನ್ ಡೈರೆಕ್ಟ್ ಮಾಡಿದ್ದಾರೆಯೇ ಎಂಬುದನ್ನೂ ಈಗಲೇ ನೋಡಿ. ತಣ್ಣಗಿರುವಾಗ, ಎಸಿ ಆಫ್ ಇಟ್ಟು ಚಾವಿ ತಿರುಗಿಸಿದೊಡನೆ ವಿದ್ಯುತ್ ಫ್ಯಾನ್ ತಿರುಗಿದರೆ ಯಾರೋ ವೈರ್ ಬದಲಿಸಿದ್ದಾರೆ, ಇಲ್ಲವೇ ರಿಲೇ ಅಂಟಿದೆ. ಫ್ಯಾನ್ ಸ್ವಿಚ್ ಹೊಸದು ಹಾಕಿಸಿ ಮೂಲ ವೈರಿಂಗಿಗೆ ಮರಳಿಸಿ.

ಕೋರ್ ಕಟ್ಟಿದ್ದರೆ

ರೋಣ, ಮುಂಡರಗಿ ಕಡೆಯ ಬೋರಿನ ನೀರಿನಲ್ಲಿ ಅನ್ನ ಬೇಯಿಸುವ ಪಾತ್ರೆಯ ತಳ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣ ಬಿಳಿ ಪದರವಾಗಿ ಕಟ್ಟುತ್ತದೆ. ಒಂದೇ ಸಲ ತುಂಬಿದ ನೀರು ದೊಡ್ಡ ಹಾನಿ ಮಾಡದು. ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರಾದರೆ ಐದು ಲೀಟರಿನಲ್ಲಿರುವುದು ಎರಡೂವರೆ ಗ್ರಾಂ ಅಷ್ಟೇ. ಆದರೆ ಸಣ್ಣಗೆ ಸೋರುವ ಗಾಡಿಗೆ ವಾರಕ್ಕೊಂದು ಲೀಟರ್ ಸುರಿಯುತ್ತ ಹೋದರೆ ವರ್ಷಕ್ಕೆ 26 ಗ್ರಾಂ. ಅದೂ ಕಡ್ಡಿಯಷ್ಟು ಕಿರಿದಾದ ನಾಳಗಳಲ್ಲಿ. ಮೇಲೆ ಅರಿಶಿನ ಪುಡಿಯೋ, ಸೋರಿಕೆ ನಿಲ್ಲಿಸುವ ಡಬ್ಬಿ ಔಷಧವೋ ಬಿದ್ದಿದ್ದರೆ ಗಾರೆ ಹಾಕಿದಂತೆಯೇ ಸರಿ. ಊರಿಂದ ದೂರ, ರಾತ್ರಿ ಹೊತ್ತು ರೇಡಿಯೇಟರ್ ಸೋರಿದಾಗ ಅರಿಶಿನ ಮನೆ ಮುಟ್ಟಿಸುವುದು ಹೌದು. ಮನೆ ಮುಟ್ಟಿದ ಮೇಲೂ ಅದನ್ನು ಒಳಗೇ ಬಿಡುವುದು ತಪ್ಪು.

ಮೊದಲು ಹೀಟರ್ ವಾಲ್ವ್ ಇದೆಯೇ ನೋಡಿ. ಕೆಲವು ಹಳೇ ಗಾಡಿಗಳಲ್ಲಿ ಒಳಬರುವ ಹೋಸಿನ ದಾರಿಯಲ್ಲಿ ಕೇಬಲಿನಿಂದ ತಿರುಗುವ ನಲ್ಲಿಯಂಥದ್ದು ಇರುತ್ತದೆ. ಒಬ್ಬರು ಒಳಗೆ ಲಿವರ್ ಸರಿಸಲಿ, ಇನ್ನೊಬ್ಬರು ವಾಲ್ವಿನ ತೋಳು ಪೂರ್ತಿ ತಿರುಗುತ್ತದೆಯೇ ನೋಡಲಿ. ಅರ್ಧಕ್ಕೆ ನಿಂತರೆ ಕೇಬಲಿನ ಹೊರಕವಚ ಹಿಡಿಯುವ ಕ್ಲಿಪ್ ಜಾರಿದೆ. ತೋಳು ಬಿಗಿದಿದ್ದರೆ ಪಕ್ಕಡದಿಂದ ತಿರುಚಬೇಡಿ, ಹೊಸ ವಾಲ್ವ್ ಹಾಕಿ.

ವಾಲ್ವ್ ಸರಿಯಿದ್ದರೆ ಕೋರ್ ತೊಳೆಯಬೇಕು. ಹೀಟರಿನ ಎರಡೂ ಹೋಸ್ ಬಿಚ್ಚಿ. ಇಲ್ಲಿ ಅವಸರ ಬೇಡ. ಹೋಸ್ ಹಳೆಯದಾಗಿ ಕೊಳವೆಗೆ ಅಂಟಿಕೊಂಡಿರುತ್ತದೆ. ಹಿಡಿದು ತಿರುಚಿದರೆ ಗೋಡೆಯೊಳಗೆ ಕೋರಿನ ಬೆಸುಗೆ ಬಿಡುತ್ತದೆ. ಹೋಸಿನ ತುದಿಯನ್ನು ಬ್ಲೇಡಿನಿಂದ ಉದ್ದುದ್ದ ಸೀಳಿ, ಬಾಳೆಹಣ್ಣಿನ ಸಿಪ್ಪೆಯಂತೆ ಬಿಡಿಸಿ. ಹೋಸ್ ಹೋದರೆ ಹೊಸ ಹೋಸ್ ಸಾಕು, ಕೋರ್ ಹೋದರೆ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು.

ನಲ್ಲಿಯ ಹೋಸನ್ನು ಹೊರಹೋಗುವ ಕೊಳವೆಗೆ, ಅಂದರೆ ಉಲ್ಟಾ ದಿಕ್ಕಿಗೆ ಜೋಡಿಸಿ. ಇನ್ನೊಂದು ಕೊಳವೆಯಿಂದ ಹೋಸ್ ತುಂಡೊಂದನ್ನು ಬಕೆಟ್ಟಿಗೆ ಬಿಡಿ. ನೀರನ್ನು ಮೆಲ್ಲಗೆ ತೆರೆಯಿರಿ. ಕಸ ಬಂದ ದಿಕ್ಕಿಗೆ ವಿರುದ್ಧವಾಗಿ ತಳ್ಳಿದರೆ ಅದು ಬೇಗ ಬಿಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹಾಕುವ ಆಸೆ ಬೇಡ. ಈ ಕೋರ್ ತಡೆಯುವುದು ಒಂದು ಬಾರ್ ಆಸುಪಾಸಿನ ಒತ್ತಡ, ಕಂಪ್ರೆಸರ್ ಕೊಡುವುದು ಅದರ ಏಳೆಂಟು ಪಟ್ಟು. ತೊಳೆದ ಮೇಲೆ ಅಳತೆ ಮಾಡಿ: ಅದೇ ನಲ್ಲಿಯಿಂದ ನೇರವಾಗಿ 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್, ಕೋರ್ ಮೂಲಕ ಎಷ್ಟು ಸೆಕೆಂಡ್? 40ರ ಜಾಗದಲ್ಲಿ 50 ಆದರೆ ಸರಿ. ಎರಡು ನಿಮಿಷ ಆದರೆ ಸುಣ್ಣ ಇನ್ನೂ ಇದೆ.

ಆಗ ನಿಂಬೆಉಪ್ಪು ಬೇಕು, ಕಿರಾಣಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಕರಗಿಸಿ. ಎರಡೂ ಕೊಳವೆಗಳಿಗೆ ಹೋಸ್ ತುಂಡು ಸಿಕ್ಕಿಸಿ ಮೇಲ್ಮುಖವಾಗಿ ಕಟ್ಟಿ, ಒಂದರೊಳಗೆ ಆಲಿಕೆ ಇಟ್ಟು ಇನ್ನೊಂದರಲ್ಲಿ ನೀರು ಕಾಣುವವರೆಗೆ ಸುರಿಯಿರಿ. ಸುಣ್ಣವಿದ್ದರೆ ನೊರೆ ಉಕ್ಕುತ್ತದೆ. ಇಪ್ಪತ್ತು ನಿಮಿಷ ಬಿಟ್ಟು, ತೊಳೆದು, ಮತ್ತೆ ಹೊಸದು ಸುರಿಯಿರಿ. ನೊರೆ ನಿಲ್ಲುವವರೆಗೆ ಎರಡು ಮೂರು ಸಲ ಬೇಕಾದೀತು. ಅಲ್ಯೂಮಿನಿಯಂ ಕೋರಾದರೆ ಪ್ರತಿ ಸಲ ಇಪ್ಪತ್ತು ನಿಮಿಷ ದಾಟಿಸಬೇಡಿ. ಕೊನೆಗೆ ಒಂದು ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿದ ನೀರು ಹಾಯಿಸಿ, ಆಮೇಲೆ ಬರೀ ನೀರು, ಕಡೆಗೊಂದು ಲೀಟರ್ ಡಿಸ್ಟಿಲ್ಡ್ ವಾಟರ್. ಸಂಡಾಸ ತೊಳೆಯುವ ಆಸಿಡ್ ಹಾಕಿದರೆ ಸುಣ್ಣದ ಜೊತೆ ಕೋರೂ ಕರಗುತ್ತದೆ. ಅರಿಶಿನ, ಸಿಲಿಕಾನ್ ನಿಂಬೆಉಪ್ಪಿಗೆ ಬಗ್ಗುವುದಿಲ್ಲ. ಅವು ಉಲ್ಟಾ ತೊಳೆತಕ್ಕೆ ಬಂದಷ್ಟು ಬಂದವು, ಉಳಿದರೆ ಕೋರ್ ಬದಲಿಸುವುದೇ ದಾರಿ.

ಹೋಸ್ ಕೊಳ್ಳುವಾಗ ಹೀಟರ್ ಹೋಸ್ ಎಂದೇ ಕೇಳಿ, ಒಳವ್ಯಾಸಕ್ಕೆ ಹಳೇ ತುಂಡು ಒಯ್ಯಿರಿ. ಬಹಳಷ್ಟು ಸಣ್ಣ ಗಾಡಿಗಳಲ್ಲಿ ಅದು 16 ಮಿ.ಮೀ. ಹತ್ತಿರ. ತೋಟಕ್ಕೆ ನೀರು ಬಿಡುವ ಹಸಿರು ಪೈಪ್ ಬಿಸಿಗೆ ಮೆತ್ತಗಾಗಿ ಕಿತ್ತು ಬರುತ್ತದೆ.

ಕೋರ್ ಸೋರುತ್ತಿದ್ದರೆ

ಒಳಗೆ ಸಿಹಿ ವಾಸನೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು, ಕಾಲಡಿಯ ಮ್ಯಾಟ್ ಒದ್ದೆ: ಕೋರ್ ಸೋರುತ್ತಿದೆ. ಎಸಿಯ ನೀರೂ ಅಲ್ಲೇ ತೊಟ್ಟಿಕ್ಕಬಹುದು. ಎರಡು ಬೆರಳ ನಡುವೆ ತಿಕ್ಕಿ: ಎಸಿಯದು ಬರೀ ನೀರು, ಕೂಲಂಟ್ ಜಾರುತ್ತದೆ. ನಾಲಿಗೆಗೆ ಹಚ್ಚಬೇಡಿ.

ತಾಮ್ರ-ಹಿತ್ತಾಳೆಯ ಕೋರಾದರೆ ರೇಡಿಯೇಟರ್ ಕೆಲಸದವರು ಬೆಸುಗೆ ಹಾಕಿ ಉಳಿಸಿಕೊಡುತ್ತಾರೆ. ಅಲ್ಯೂಮಿನಿಯಂ ಕೋರಿಗೆ ಪ್ಲಾಸ್ಟಿಕ್ ತೊಟ್ಟಿ ಇದ್ದರೆ ಹೊಸದೇ ಹಾಕಬೇಕು. ಪಾರ್ಟಿನ ಬೆಲೆಗಿಂತ ಡ್ಯಾಶ್‌ಬೋರ್ಡ್ ಇಳಿಸಿ ಏರಿಸುವ ಕೂಲಿಯೇ ಹೆಚ್ಚು. ಹೀಗಾಗಿ ಒಮ್ಮೆ ಬಿಚ್ಚಿದ ಮೇಲೆ ಹೋಸ್, ವಾಲ್ವ್, ಫ್ಲ್ಯಾಪಿನ ಸ್ಪಂಜು ಎಲ್ಲವನ್ನೂ ಅದೇ ಸಲ ಬದಲಿಸಿ. ಬಿಚ್ಚುವಾಗ ಪ್ರತಿ ಸ್ಕ್ರೂ ಎಲ್ಲಿಯದೆಂದು ಮೊಬೈಲಿನಲ್ಲಿ ಫೋಟೋ ಹಿಡಿಯಿರಿ.

ಗಾಳಿಯ ಕಡೆ

ಬಿಸಿ-ತಣ್ಣಗೆ ಲಿವರ್ ಯಾವ ತಡೆಯೂ ಇಲ್ಲದೆ ಸಡಿಲವಾಗಿ ಜಾರಿದರೆ ಕೇಬಲ್ ಕಳಚಿದೆ. ಗಾಳಿಕಿಂಡಿಯಿಂದ ಕರಿ ಪುಡಿ ಉದುರಿದರೆ ಫ್ಲ್ಯಾಪಿಗೆ ಅಂಟಿಸಿದ ಸ್ಪಂಜು ಪುಡಿಯಾಗಿ ತಣ್ಣನೆಯ ಗಾಳಿ ಬೆರೆಯುತ್ತಿದೆ. ನೀರು ಹೀರದ 6 ಮಿ.ಮೀ. ಸ್ಪಂಜು ಅಂಟಿಸಿದರೆ ಆಯಿತು. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿದರೆ ರೆಸಿಸ್ಟರ್ ಸುಟ್ಟಿದೆ. ಅದರ ಜಾಗಕ್ಕೆ ತಂತಿ ಸುತ್ತಬೇಡಿ, ಬೆಂಕಿ ಹತ್ತುತ್ತದೆ. ಗಾಳಿಯೇ ಕಡಿಮೆಯೆಂದರೆ ವೈಪರ್ ಕೆಳಗಿನ ಜಾಲರಿ ತೆಗೆದು ನೋಡಿ. ಬೇವಿನ ಮರದಡಿ ನಿಲ್ಲುವ ಗಾಡಿಯಾದರೆ ಒಂದು ಮುಷ್ಟಿ ಎಲೆ, ನಸೀಬು ಕೆಟ್ಟಿದ್ದರೆ ಇಲಿ ಗೂಡು ಸಿಗುತ್ತದೆ.

ತುಂಬುವುದು, ಗಾಳಿ ತೆಗೆಯುವುದು

ಇಳಿಸಿದ್ದನ್ನು ಅಳೆದಿಟ್ಟಿದ್ದರೆ ಎಷ್ಟು ತುಂಬಬೇಕೆಂದು ಗೊತ್ತಿರುತ್ತದೆ. ಗಾಢ ಕೂಲಂಟಾದರೆ ಡಿಸ್ಟಿಲ್ಡ್ ವಾಟರಿನ ಜೊತೆ ಸಮಪಾಲು. ಡಬ್ಬಿಯ ಮೇಲೆ ‘ರೆಡಿ ಮಿಕ್ಸ್’ ಎಂದಿದ್ದರೆ ಹನಿ ನೀರೂ ಬೇಡ. ಇಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ, ಆದರೂ ಕೂಲಂಟ್ ಬೇಕು: ಜಂಗು ತಡೆಯುತ್ತದೆ, ಕುದಿಯುವ ಮಟ್ಟ ಏರಿಸುತ್ತದೆ. ಮಲಪ್ರಭೆಯ ನಲ್ಲಿ ನೀರು ಬೋರಿಗಿಂತ ಮೇಲು ಎಂದು ಅದನ್ನೇ ಸುರಿಯುವವರಿದ್ದಾರೆ. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಕ್ಯಾನಿನಲ್ಲಿ ಸಿಗುವಾಗ ಆ ಉಳಿತಾಯ ಬೇಡ.

ಗಾಡಿಯ ಮೂತಿ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ. ಧಾರವಾಡದವರಿಗೆ ಏರು ಹುಡುಕುವ ಕಷ್ಟವಿಲ್ಲ. ಗದಗಿನ ಎರೆಭೂಮಿಯವರು ಮುಂದಿನ ಗಾಲಿಗಳ ಕೆಳಗೆ ಗಟ್ಟಿ ಹಲಗೆ ಇಡಬಹುದು. ಹೀಟರ್ ಪೂರ್ತಿ ಬಿಸಿಗಿರಲಿ. ಕ್ಯಾಪ್ ತೆಗೆದಿಟ್ಟು ತಣ್ಣನೆಯ ಎಂಜಿನಿಗೆ ನಿಧಾನವಾಗಿ ಸುರಿಯಿರಿ, ನಡುನಡುವೆ ಮೇಲಿನ ಹೋಸನ್ನು ಹಿಂಡಿ. ಗಾಳಿ ಬಿಡುವ ಸ್ಕ್ರೂ ಇರುವ ಗಾಡಿಯಾದರೆ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಸಡಿಲಿಸಿಡಿ. ಆಮೇಲೆ ಸ್ಟಾರ್ಟ್ ಮಾಡಿ, ಮಟ್ಟ ಇಳಿದಂತೆ ತುಂಬುತ್ತಿರಿ. ಮೇಲಿನ ಹೋಸ್ ಬಿಸಿಯಾಗುವ ಮೊದಲೇ ಕ್ಯಾಪ್ ಹಾಕಿ, 1500–2000 ಆರ್‌ಪಿಎಂನಲ್ಲಿ ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಓಡಿಸಿ. ಮುಳ್ಳು ಕೆಂಪಿನತ್ತ ಹೊರಟರೆ ತಕ್ಷಣ ಬಂದ್ ಮಾಡಿ. ಪೂರ್ತಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಇಳಿದಷ್ಟು ಮತ್ತೆ ತುಂಬಿ.

ಎಷ್ಟು ಸಲ ಮಾಡಿದರೂ ಗಾಳಿ ಮತ್ತೆ ಮತ್ತೆ ಸೇರುತ್ತಿದ್ದರೆ, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದೊಡನೆ ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪದರ) ಹೋಗಿದೆಯೆಂದು ಸಂಶಯ ಪಡಿ. ಮಟ್ಟ ಸರಿಯಿದ್ದು, ಗಾಳಿ ಇಲ್ಲದೆಯೂ ರೇಸ್ ಕೊಟ್ಟಾಗ ಮಾತ್ರ ಹೀಟರ್ ಬಿಸಿಯಾದರೆ ವಾಟರ್ ಪಂಪಿನ ರೆಕ್ಕೆಗಳು ಸವೆದಿವೆ. ಡೀಸೆಲ್ ಗಾಡಿಗೆ ಇಲ್ಲಿ ಸ್ವಲ್ಪ ರಿಯಾಯಿತಿ ಕೊಡಬೇಕು. ನಿಂತಲ್ಲಿ ಅದು ಬಹಳ ಮೆಲ್ಲಗೆ ಕಾಯುತ್ತದೆ, ಓಡಿಸಿಯೇ ಪರೀಕ್ಷಿಸಿ.

ಕೆಲಸ ಸರಿಯಾಗಿದ್ದರೆ ಹದಿನೈದು ನಿಮಿಷ ಓಡಿದ ಮೇಲೆ ಕಾಲಿನ ಕಡೆಯ ಕಿಂಡಿಯಲ್ಲಿ ಥರ್ಮಾಮೀಟರ್ 55–65 ಡಿಗ್ರಿ ತೋರಿಸಬೇಕು. ಮುಖದ ಕಿಂಡಿಯಲ್ಲಿ ಅಳೆಯಬೇಡಿ, ಹಲವು ಗಾಡಿಗಳಲ್ಲಿ ಅಲ್ಲಿಗೆ ಹೊರಗಿನ ತಣ್ಣನೆಯ ಗಾಳಿ ಬರುತ್ತದೆ. ಘಟ್ಟದಲ್ಲಿ ಗಾಜು ಮಬ್ಬಾದಾಗ ಲಿವರನ್ನು ಹೊರಗಾಳಿಗೆ ಇಡಿ. ಒಳಗಾಳಿಯನ್ನೇ ಸುತ್ತಿಸಿದರೆ ಬೇಗ ಬೆಚ್ಚಗಾಗುತ್ತದೆ, ಆದರೆ ಮಬ್ಬು ಹೆಚ್ಚುತ್ತದೆ. ಎಸಿ ಇದ್ದರೆ ಹೀಟರ್ ಜೊತೆಗೇ ಅದನ್ನೂ ಹಾಕಿ, ಗಾಳಿಯ ತೇವ ಹೀರುತ್ತದೆ.

ರಿಸರ್ವ್ ಡಬ್ಬಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ಮರುದಿನ ಬೆಳಿಗ್ಗೆ, ಮತ್ತೆ 200 ಕಿ.ಮೀ. ಆದ ಮೇಲೆ ನೋಡಿ. ಗೆರೆಯಿಂದ ಬೆರಳಗಲ ಇಳಿದಿದ್ದರೆ ಹೋಸಿನ ಕ್ಲಿಪ್ಪುಗಳು, ಥರ್ಮೋಸ್ಟ್ಯಾಟ್ ಮುಚ್ಚಳ, ಆಮೇಲೆ ವಾಟರ್ ಪಂಪಿನ ಕೆಳಗಿರುವ ಸಣ್ಣ ತೂತಿನ ಸುತ್ತ ಒಣಗಿದ ಬಿಳಿ ಅಥವಾ ಹಸಿರು ಗೆರೆ ಇದೆಯೇ ಎಂದು ಟಾರ್ಚ್ ಹಿಡಿದು ಹುಡುಕಿ.